ಬೆಂಗಳೂರು ಮಹಾನಗರ ಪ್ರದೇಶದ ಮನೆ, ಸಂಚಾರ ಮತ್ತು ಜಮೀನು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ಮತ್ತು ಅದರ ಸುತ್ತಲಿನ ತಾಲೂಕುಗಳ ಮನೆ, ರಸ್ತೆ, ಜಮೀನುಗಳ ಬಗ್ಗೆ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳು ನೀತಿಯನ್ನು ಕುರಿತವು. ನಿಮ್ಮದೇ ಆಸ್ತಿಯ ತೊಡಕಿಗೆ, ಮೂಲ ದಾಖಲೆಗಳನ್ನು ಕಣ್ಣಾರೆ ನೋಡಿದ ವಕೀಲರ ಸಲಹೆಯೇ ಬೇಕು.

## ಮೊದಲ ತಿಳಿವಳಿಕೆ

ಬೆಂಗಳೂರು ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ಯಾವ ಇಲಾಖೆಯನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ ಸುತ್ತಲಿನ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು (ಬಿಬಿಎಂಪಿ) ರಚಿಸಿದಾಗ ನಗರದ ವಿಸ್ತೀರ್ಣ 700 ಚದರ ಕಿ.ಮೀ. ದಾಟಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ತನ್ನ ಮಹಾಯೋಜನೆಗೆ ಗುರುತಿಸಿಕೊಂಡ ಪ್ರದೇಶ ಅದಕ್ಕಿಂತ ದೊಡ್ಡದು, ಸುಮಾರು 1,300 ಚದರ ಕಿ.ಮೀ. ಇವೆರಡನ್ನೂ ಒಳಗೊಂಡು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಹಿಂದೆ ರಾಮನಗರ ಎನಿಸಿದ್ದ ಬೆಂಗಳೂರು ದಕ್ಷಿಣ ಜಿಲ್ಲೆಗಳಿಗೆ ವ್ಯಾಪಿಸಿರುವ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ಪ್ರದೇಶ ಸುಮಾರು 8,000 ಚದರ ಕಿ.ಮೀ. ಆನೇಕಲ್, ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ಮಾಗಡಿ, ಕನಕಪುರಗಳು ಇದರೊಳಗೇ ಬರುತ್ತವೆ. ದಿನವೂ ಕೆಲಸಕ್ಕೆ ಬಂದು ಹೋಗುವವರ ಲೆಕ್ಕ ಹಿಡಿದರೆ ಬೆಂಗಳೂರು ಎಂದರೆ ಈ ಮೂರನೆಯದೇ. ಆದರೆ ಜನರು ಮತ ಹಾಕುವುದು, ತೆರಿಗೆ ಕಟ್ಟುವುದು ಅದರ ಬೇರೆ ಬೇರೆ ತುಂಡುಗಳಲ್ಲಿ.

ಇಷ್ಟೊಂದು ಜನ ಯಾವಾಗ ಬಂದರು?

ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ, 2011ರಲ್ಲಿ 96 ಲಕ್ಷ. ಹತ್ತು ವರ್ಷಗಳಲ್ಲಿ ಶೇ. 47ರಷ್ಟು ಏರಿಕೆ. 2021ರ ಜನಗಣತಿ ನಡೆಯಲಿಲ್ಲವಾದ್ದರಿಂದ ಆ ಬಳಿಕ ಕೇಳಿಬರುವ ಸಂಖ್ಯೆಗಳೆಲ್ಲ ಅಂದಾಜುಗಳೇ. ಶಾಲೆ, ಬಸ್ಸು, ನೀರಿನ ಕೊಳವೆಗಳ ಲೆಕ್ಕಾಚಾರವೂ ಅದೇ ಅಂದಾಜಿನ ಮೇಲೆ ನಿಂತಿದೆ.

ನಮ್ಮ ರಸ್ತೆಗೆ ಯಾರು ಹೊಣೆ? ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಡಾಂಬರು ಪಾಲಿಕೆಯದು, ಅದರ ಅಡಿಯ ನೀರು ಮತ್ತು ಒಳಚರಂಡಿ ಜಲಮಂಡಳಿಯದು, ತಂತಿ ಬೆಸ್ಕಾಂನದು, ಮೇಲಿನ ಕಂಬಸಾಲು ಮೆಟ್ರೊ ನಿಗಮದ್ದು, ಸಿಗ್ನಲ್ ಸಂಚಾರ ಪೊಲೀಸರದು, ಬಸ್ಸು ಬಿಎಂಟಿಸಿಯದು. ಹೆದ್ದಾರಿಯ ಭಾಗವಾದರೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವೂ ಸೇರುತ್ತದೆ. ಹೊಸ ಡಾಂಬರು ಹಾಕಿದ ತಿಂಗಳಲ್ಲೇ ಅದನ್ನು ಅಗೆಯುವುದು ಯಾರೋ ಒಬ್ಬರ ಮೂರ್ಖತನದಿಂದಲ್ಲ. ಈ ಸಂಸ್ಥೆಗಳ ಬಜೆಟ್ಟು, ಟೆಂಡರು, ಕಾಮಗಾರಿಯ ವೇಳಾಪಟ್ಟಿಗಳು ಒಂದೇ ಮೇಜಿನ ಮೇಲೆ ಕೂಡಬೇಕೆಂಬ ಕಟ್ಟುಪಾಡು ಇಲ್ಲದಿರುವುದೇ ಕಾರಣ. ಸಂಚಾರದ ಮಟ್ಟಿಗೆ ಇವರನ್ನೆಲ್ಲ ಒಂದೆಡೆ ತರುವ ಉದ್ದೇಶದ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಯನ್ನು ವಿಧಾನಮಂಡಲ 2022ರ ಕೊನೆಯಲ್ಲಿ ಅಂಗೀಕರಿಸಿತು. ಕಾಯ್ದೆಯಾದ ಮಾತ್ರಕ್ಕೆ ಅಗೆತ ನಿಲ್ಲಲಿಲ್ಲ.

ಐದು ಪಾಲಿಕೆ ಮಾಡಿದರಲ್ಲ, ಅದರಿಂದ ನಮಗೇನು?

ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ ಮತ್ತು ದಕ್ಷಿಣ ಎಂಬ ಐದು ಪಾಲಿಕೆಗಳೂ ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ (ಜಿಬಿಎ) ಅಸ್ತಿತ್ವಕ್ಕೆ ಬಂದವು. ಕಚೇರಿ ಹತ್ತಿರವಾಗುವುದು, ಆಯುಕ್ತರಿಗೆ ನೋಡಿಕೊಳ್ಳಲು ಸಾಧ್ಯವಾಗುವಷ್ಟು ಊರು ಸಿಗುವುದು ಇದರ ಅನುಕೂಲ. ಟೆಕ್ ಪಾರ್ಕುಗಳ ತೆರಿಗೆಯಿಂದ ಪೂರ್ವ ಪಾಲಿಕೆಯ ಬೊಕ್ಕಸ ತುಂಬುವಂತೆ ಉಳಿದೆಲ್ಲವುಗಳ ಬೊಕ್ಕಸ ತುಂಬುವುದಿಲ್ಲ ಎಂಬುದು ಇದರ ತೊಡಕು. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಕೊನೆಯ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ಪಾಲಿಕೆಗೆ ಚುನಾವಣೆ ನಡೆಯಲಿಲ್ಲ. ವಾರ್ಡಿನ ಚರಂಡಿಯ ಬಗ್ಗೆ ಕೇಳಲು ಚುನಾಯಿತ ಸದಸ್ಯರೇ ಇಲ್ಲದೆ ಅಷ್ಟು ಕಾಲ ನಡೆದ ಊರಿಗೆ ಪಾಲಿಕೆ ಒಂದಿದ್ದರೂ ಐದಿದ್ದರೂ ಕೊರತೆ ಒಂದೇ.

## ಮನೆ ಮತ್ತು ನಿವೇಶನ

ರೆವಿನ್ಯೂ ಸೈಟು ಅಗ್ಗಕ್ಕೆ ಸಿಗುತ್ತಿದೆ. ಎಲ್ಲರೂ ಕಟ್ಟಿಕೊಂಡಿದ್ದಾರೆ. ತೆಗೆದುಕೊಳ್ಳಬಹುದೇ?

ಕೃಷಿ ಜಮೀನನ್ನು ನಿವೇಶನವಾಗಿ ಮಾರಬೇಕಾದರೆ ಎರಡು ಹಂತಗಳಿವೆ. ಮೊದಲನೆಯದು ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನಡಿ ಆಗುವ ಭೂಪರಿವರ್ತನೆ, ಜನರ ಬಾಯಲ್ಲಿ ಡಿಸಿ ಕನ್ವರ್ಷನ್. ಎರಡನೆಯದು ಯೋಜನಾ ಪ್ರಾಧಿಕಾರದಿಂದ ಬಡಾವಣೆಯ ವಿನ್ಯಾಸಕ್ಕೆ ಸಿಗಬೇಕಾದ ಅನುಮೋದನೆ. ಇದರಲ್ಲಿ ರಸ್ತೆಯ ಅಗಲ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳು ನಿಗದಿಯಾಗುತ್ತವೆ. ಇವೆರಡರಲ್ಲಿ ಒಂದನ್ನೋ ಎರಡನ್ನೂ ಬಿಟ್ಟೋ ಮಾರಿದ ತುಂಡುಗಳೇ ರೆವಿನ್ಯೂ ನಿವೇಶನಗಳು. ಭೂಪರಿವರ್ತನೆಯ ಆದೇಶದ ಪ್ರತಿಯನ್ನು ತೋರಿಸಿ ‘ಎಲ್ಲ ಕ್ಲಿಯರ್ ಇದೆ’ ಎನ್ನುವ ಮಾರಾಟಗಾರ ಅರ್ಧ ಸತ್ಯ ಹೇಳುತ್ತಿದ್ದಾನೆ.

ಅಗ್ಗವಾಗಿರುವುದಕ್ಕೆ ಕಾರಣ ಸರಳ: ಮಾರಾಟಗಾರ ಉದ್ಯಾನಕ್ಕೆ, ಅಗಲದ ರಸ್ತೆಗೆ, ಒಳಚರಂಡಿಗೆ ಜಾಗ ಬಿಟ್ಟಿಲ್ಲ, ಹಣವನ್ನೂ ಹಾಕಿಲ್ಲ. ಆ ಖರ್ಚು ತಪ್ಪಿಹೋಗಿರುವುದಿಲ್ಲ. ಹತ್ತು ವರ್ಷಗಳ ನಂತರ ಟ್ಯಾಂಕರ್ ನೀರಾಗಿ, ಶೌಚಗುಂಡಿ ಖಾಲಿ ಮಾಡಿಸುವ ಬಿಲ್ಲಾಗಿ, ಅಗ್ನಿಶಾಮಕ ವಾಹನ ತಿರುಗಲಾಗದ ಇಪ್ಪತ್ತಡಿ ರಸ್ತೆಯಾಗಿ ಅದು ಕೊಂಡವರ ಪಾಲಿಗೆ ಬರುತ್ತದೆ. ಕೊಂಡವರನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯ ನೌಕರರಿಗೆ, ಚಾಲಕರಿಗೆ, ಸಣ್ಣ ಅಂಗಡಿಯವರಿಗೆ ಕಾನೂನುಬದ್ಧ ಸೈಟು ಕೈಗೆಟಕುವ ದರದಲ್ಲಿ ಎಂದೂ ಸಿಗಲಿಲ್ಲ. ತೆಗೆದುಕೊಳ್ಳುವ ಮನಸ್ಸಿದ್ದರೆ ಪಹಣಿ, ಪರಿವರ್ತನೆ ಆದೇಶ, ಅನುಮೋದಿತ ವಿನ್ಯಾಸ ನಕ್ಷೆ, ಋಣಭಾರ ಪತ್ರಗಳ ಜತೆಗೆ ಗ್ರಾಮ ನಕಾಶೆಯಲ್ಲಿ ಹಳ್ಳ, ಕೆರೆ, ಗುಂಡುತೋಪುಗಳ ಗುರುತನ್ನೂ ನೋಡಿ. ಕೊನೆಯದನ್ನು ನೋಡುವವರು ವಿರಳ, ಮಳೆಗಾಲದಲ್ಲಿ ಉಪಯೋಗಕ್ಕೆ ಬರುವುದು ಅದೇ.

ಬಿ-ಖಾತಾ ಇದ್ದರೆ ಮನೆ ನನ್ನದಲ್ಲವೇ?

ಖಾತಾ ಎನ್ನುವುದು ಆಸ್ತಿ ತೆರಿಗೆಯ ದಾಖಲೆ. ಒಡೆತನ ನಿಂತಿರುವುದು ನೋಂದಾಯಿತ ಕ್ರಯಪತ್ರ ಮತ್ತು ಅದರ ಹಿಂದಿನ ಹಕ್ಕುಪತ್ರಗಳ ಸರಪಣಿಯ ಮೇಲೆ. ನಿಯಮ ಮೀರಿದ ಬಡಾವಣೆ ಅಥವಾ ಕಟ್ಟಡದಿಂದಲೂ ತೆರಿಗೆ ಸಂಗ್ರಹಿಸಬೇಕೆಂದು ಪಾಲಿಕೆ ಬೇರೆ ವಹಿಯಲ್ಲಿ ಬರೆದಿಟ್ಟುಕೊಂಡದ್ದೇ ಬಿ-ಖಾತಾ. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಪಾಲಿಕೆ ಆ ಕಟ್ಟಡವನ್ನು ಒಪ್ಪಿದೆ ಎಂದಾಗುವುದಿಲ್ಲ; ನಕ್ಷೆ ಮಂಜೂರಾತಿ ಸಿಗುವುದಿಲ್ಲ, ಹೆಚ್ಚಿನ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ.

ಇವನ್ನು ಒಂದೇ ಏಟಿಗೆ ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರ ಕೊನೆಯಲ್ಲಿ ಶುಲ್ಕ ಕಟ್ಟಿಸಿಕೊಂಡು ಬಿ-ಖಾತಾ ನಿವೇಶನಗಳಿಗೆ ನಿಯಮಬದ್ಧ ಆಸ್ತಿಗಳ ಎ-ಖಾತಾ ಕೊಡುವ ಬೇರೆ ದಾರಿಯನ್ನು ಸರ್ಕಾರ ತೆರೆಯಿತು. ಲಕ್ಷಾಂತರ ಕುಟುಂಬಗಳನ್ನು ಶಾಶ್ವತವಾಗಿ ಅರೆಕಾನೂನಿನಲ್ಲಿ ಇಡುವುದು ಸರಿಯಲ್ಲವಾದ್ದರಿಂದ ಇಂಥ ದಾರಿ ಬೇಕೇ ಬೇಕು. ಆದರೆ ಪ್ರತಿ ಸಕ್ರಮೀಕರಣವೂ ಮುಂದಿನ ಅಕ್ರಮ ಬಡಾವಣೆಯ ಮಾರಾಟಗಾರನಿಗೆ ಜಾಹೀರಾತಾಗುತ್ತದೆ. ಹೊಸ ರೆವಿನ್ಯೂ ನಿವೇಶನಗಳ ನೋಂದಣಿ ನಿಜವಾಗಿ ನಿಂತರೆ ಮಾತ್ರ ಈ ರಿಯಾಯಿತಿಗೆ ಅರ್ಥ.

ಮನೆ ಕಟ್ಟಿ ಮುಗಿಸಿದ್ದೇವೆ, ಕರೆಂಟ್ ಕೊಡುವುದಿಲ್ಲ ಅನ್ನುತ್ತಾರೆ. ಏಕೆ?

ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದ ಕಟ್ಟಡಗಳಿಗೆ ಕಾಯಂ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿತು. ಪ್ರಕರಣ ಉತ್ತರ ಪ್ರದೇಶದ್ದಾದರೂ ಅನ್ವಯ ದೇಶಕ್ಕೆಲ್ಲ. ಮಂಜೂರಾದ ನಕ್ಷೆಗಿಂತ ಒಂದು ಮಹಡಿ ಹೆಚ್ಚು ಕಟ್ಟುವುದು ವಾಡಿಕೆಯೇ ಆಗಿಹೋಗಿದ್ದ ಬೆಂಗಳೂರಿನಲ್ಲಿ ಇದರ ಪೆಟ್ಟು ಜೋರಾಗಿ ಬಿತ್ತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿಯವರೆಗಿನ ನಿವೇಶನದಲ್ಲಿ ನೆಲಮಹಡಿಯ ಮೇಲೆ ಎರಡು ಅಥವಾ ಸ್ಟಿಲ್ಟ್ (ಕಂಬಗಳ ನಡುವಿನ ವಾಹನ ನಿಲುಗಡೆಯ ಮಟ್ಟ) ಮೇಲೆ ಮೂರು ಮಹಡಿ ಇರುವ ಮನೆಗಳಿಗೆ ಈ ಪತ್ರದಿಂದ ವಿನಾಯಿತಿ ನೀಡಿತು. ಮೂವತ್ತು-ನಲವತ್ತರ ಸೈಟಿನವರಿಗೆ ಇದು ಉಸಿರಾಡಲು ಜಾಗ. ಅದಕ್ಕಿಂತ ದೊಡ್ಡದಾದರೆ, ಅದರಲ್ಲೂ ಅಪಾರ್ಟ್‌ಮೆಂಟಾದರೆ, ಪತ್ರ ಕೈಗೆ ಬರುವ ಮೊದಲು ಕೊನೆಯ ಕಂತನ್ನು ಕೊಡಬೇಡಿ.

ಬಿಡಿಎ ಸೈಟಿಗೆ ಕಾಯುವುದರಲ್ಲಿ ಅರ್ಥವಿದೆಯೇ?

1945ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ವಿಶ್ವಸ್ತ ಮಂಡಳಿಯೂ (ಸಿಐಟಿಬಿ) 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎಯೂ ಮಾಡಿದ ಬಡಾವಣೆಗಳಲ್ಲೇ ಬೆಂಗಳೂರಿನ ಹಳೆಯ ಮಧ್ಯಮವರ್ಗ ನೆಲೆ ಕಂಡಿತು. ಆಗ ಕ್ರಮ ಹೀಗಿತ್ತು: ಮೊದಲು ಜಮೀನು, ನಂತರ ರಸ್ತೆ ಮತ್ತು ಚರಂಡಿ, ಆಮೇಲೆ ಹಂಚಿಕೆ. ಇತ್ತೀಚಿನ ದೊಡ್ಡ ಬಡಾವಣೆಗಳು ಕೋರ್ಟಿನಲ್ಲೇ ವಯಸ್ಸಾದವು. ಅರ್ಕಾವತಿ ಬಡಾವಣೆಯ ಅಂತಿಮ ಅಧಿಸೂಚನೆ 2004ರದು. ಸುಪ್ರೀಂ ಕೋರ್ಟ್ ತೀರ್ಪು 2010ರಲ್ಲಿ ಬಂದರೂ ಡಿನೋಟಿಫಿಕೇಷನ್ (ಜಮೀನನ್ನು ಸ್ವಾಧೀನದಿಂದ ಕೈಬಿಡುವ) ವಿವಾದ ಅಲ್ಲಿಗೆ ಮುಗಿಯಲಿಲ್ಲ. ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ ಪ್ರಾಥಮಿಕ ಅಧಿಸೂಚನೆಯಾಗಿ, ಮುಂದುವರಿಯಿರಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಮೈಸೂರು ರಸ್ತೆ, ಮಾಗಡಿ ರಸ್ತೆಗಳ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಹಂಚಿಕೆ 2016ರಲ್ಲಿ ಆರಂಭವಾದರೂ ನೀರು, ಒಳಚರಂಡಿ, ರಸ್ತೆಗಾಗಿ ನಿವೇಶನದಾರರು ವರ್ಷಗಟ್ಟಲೆ ಅಲೆದರು. ಅರ್ಜಿ ಹಾಕಿ, ತಪ್ಪಿಲ್ಲ. ಅದನ್ನೇ ನಂಬಿ ಬಾಡಿಗೆಯ ಲೆಕ್ಕ ಹಾಕಬೇಡಿ.

ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಕಾನೂನೇ? ಅದರ ಬದಲು ಲೀಸ್‌ಗೆ ಮನೆ ಹಿಡಿದರೆ?

ಅಡ್ವಾನ್ಸ್ ವಾಡಿಕೆಯೇ ಹೊರತು ಕಾನೂನಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಅಂದರೆ ಇಂದಿನ ಬಹುಪಾಲು ಮನೆಗಳು ಅದರ ಹೊರಗೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದು ಕೇಂದ್ರದ 2021ರ ಮಾದರಿ ಕಾಯ್ದೆ ಹೇಳುತ್ತದೆ, ಆದರೆ ಮಾದರಿ ಕಾಯ್ದೆಗೆ ಬಲ ಬರುವುದು ರಾಜ್ಯ ಅದನ್ನು ತನ್ನದಾಗಿ ಮಾಡಿಕೊಂಡಾಗ. ಹಾಗಾಗಿ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಎಷ್ಟು ದಿನದಲ್ಲಿ ಹಣ ಮರಳುತ್ತದೆ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳುವುದೊಂದೇ ರಕ್ಷಣೆ.

ಲೀಸ್ ಅಥವಾ ಭೋಗ್ಯದಲ್ಲಿ ಕೆಲವು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟನ್ನೂ ಮರಳಿ ಪಡೆಯುತ್ತೀರಿ. ಮಾಲೀಕನ ಬಳಿ ಆ ದಿನ ಹಣ ಇರುತ್ತದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅನೇಕ ಸಲ ಮುಂದಿನ ಭೋಗ್ಯದಾರ ಸಿಕ್ಕಿದ ಮೇಲೆಯೇ ಹಳಬರ ಹಣ ಹೊರಬರುತ್ತದೆ. ಮನೆಯ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ಋಣಭಾರ ಪತ್ರದಲ್ಲಿ ನೋಡದೆ, ಕರಾರನ್ನು ನೋಂದಾಯಿಸದೆ ಹಣ ಎಣಿಸಬೇಡಿ. ಹನ್ನೊಂದು ತಿಂಗಳ ಕರಾರು ಬರೆಯುವುದೇ ನೋಂದಣಿ ತಪ್ಪಿಸಲು. ಬಾಡಿಗೆಗೆ ಅದು ಸಾಕಾಗಬಹುದು, ಲಕ್ಷಗಟ್ಟಲೆ ಭೋಗ್ಯಕ್ಕೆ ಸಾಲದು.

## ಸಂಚಾರ

ಮೇಲ್ಸೇತುವೆ ಕಟ್ಟಿದ ಹಾಗೆಲ್ಲ ದಟ್ಟಣೆ ಹೆಚ್ಚುತ್ತದಲ್ಲ, ಏಕೆ?

ರಸ್ತೆ ಖಾಲಿಯಾದ ಕೂಡಲೇ ಅಲ್ಲಿಯವರೆಗೆ ಬಸ್ಸಿನಲ್ಲೋ ಬೇರೆ ಹೊತ್ತಿನಲ್ಲೋ ಹೋಗುತ್ತಿದ್ದವರು ಕಾರು, ಸ್ಕೂಟರು ತೆಗೆಯುತ್ತಾರೆ. ಅದರ ಬೆನ್ನಿಗೇ ಆ ರಸ್ತೆಯನ್ನು ನಂಬಿ ಹೊಸ ಕಟ್ಟಡಗಳು ಏಳುತ್ತವೆ. ಹೊರವರ್ತುಲ ರಸ್ತೆ ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ. ಊರೊಳಗೆ ಬರಬೇಕಿಲ್ಲದ ಲಾರಿಗಳನ್ನು ಹೊರಗಿನಿಂದಲೇ ಸಾಗಿಸಲು ಬಿಡಿಎ ಕಟ್ಟಿ, 2002ರ ಹೊತ್ತಿಗೆ ಪೂರ್ಣಗೊಳಿಸಿದ ಸುಮಾರು 60 ಕಿ.ಮೀ. ರಸ್ತೆಯದು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಅದರ ಭಾಗದ ಇಕ್ಕೆಲಗಳಲ್ಲಿ ಟೆಕ್ ಪಾರ್ಕುಗಳಿಗೆ ಅನುಮತಿ ಸಿಗುತ್ತ ಹೋಯಿತು. ಅಲ್ಲಿಗೆ ಬರುವ ಲಕ್ಷಾಂತರ ನೌಕರರು ಹೇಗೆ ಬರಬೇಕೆಂಬುದು ಅನುಮತಿಯ ಷರತ್ತಾಗಲಿಲ್ಲ. ಆ ಭಾಗಕ್ಕೆ ಮೆಟ್ರೊ ಕಾಮಗಾರಿ ಆರಂಭವಾದದ್ದು ಕಟ್ಟಡಗಳು ತುಂಬಿ ವರ್ಷಗಳಾದ ಮೇಲೆ. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಈಗ ಒಂದು ಕೋಟಿ ದಾಟಿದೆ, ಅದರಲ್ಲಿ ದೊಡ್ಡ ಪಾಲು ದ್ವಿಚಕ್ರ ವಾಹನಗಳದು.

ಮೆಟ್ರೊ ಬಂದ ಮೇಲೆ ಬಸ್ಸು ಏಕೆ ಬೇಕು?

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಆರಂಭವಾದ ನಮ್ಮ ಮೆಟ್ರೊ, 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ತೆರೆದಾಗ ಸುಮಾರು 96 ಕಿ.ಮೀ. ತಲುಪಿತು, ದಿನದ ಪ್ರಯಾಣಿಕರ ಸಂಖ್ಯೆ ಆ ದಿನಗಳಲ್ಲಿ 10 ಲಕ್ಷ ಮುಟ್ಟಿತು. ಬಿಎಂಟಿಸಿಯ ಸುಮಾರು 7,000 ಬಸ್ಸುಗಳು ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣಗಳನ್ನು ಹೊರುತ್ತವೆ. ಒಂದು ಹಳಿಯನ್ನು ಹಾಕಲು ಹತ್ತು ವರ್ಷ ಹಿಡಿಯುವ ಊರಿನಲ್ಲಿ ಬಸ್ ಮಾರ್ಗವನ್ನು ಒಂದು ವಾರದಲ್ಲಿ ಬದಲಿಸಬಹುದು ಎಂಬುದನ್ನು ನಾವು ಮರೆಯುತ್ತೇವೆ.

ಹಳಿ ಇದ್ದರಷ್ಟೇ ಸಾಲದು ಎಂಬುದನ್ನು ಹಳದಿ ಮಾರ್ಗವೇ ತೋರಿಸಿತು. ಅದು ಮೂರೇ ರೈಲುಗಳೊಂದಿಗೆ ಆರಂಭವಾದ್ದರಿಂದ ಮೊದಲ ದಿನಗಳಲ್ಲಿ 25 ನಿಮಿಷಕ್ಕೊಂದು ರೈಲು ಬರುತ್ತಿತ್ತು. ದರವೂ ಮುಖ್ಯ: 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಮನೆಗೆಲಸಕ್ಕೋ ಗಾರ್ಮೆಂಟ್ಸ್‌ಗೋ ಹೋಗುವ ಮಹಿಳೆಗೆ ದಿನಕ್ಕೆ ಉಳಿಯುವ 40–50 ರೂಪಾಯಿ ಅವಳು ಎಷ್ಟು ದೂರದ ಕೆಲಸವನ್ನು ಒಪ್ಪಿಕೊಳ್ಳಬಲ್ಲಳು ಎಂಬುದನ್ನೇ ಬದಲಿಸುತ್ತದೆ. ಈ ಯೋಜನೆಯನ್ನು ಬಿಟ್ಟಿ ಭಾಗ್ಯವೆಂದು ಹಳಿಯುವವರು ಹೆಚ್ಚಿನ ಮೇಲ್ಸೇತುವೆಗಳನ್ನೂ ಯಾರೂ ಟಿಕೆಟ್ ಕೊಂಡು ಹತ್ತುವುದಿಲ್ಲ ಎಂಬುದನ್ನು ಗಮನಿಸಬೇಕು.

ಉಪನಗರ ರೈಲು ಬರುತ್ತದೆ ಎಂದು ಎಷ್ಟು ವರ್ಷ ಕೇಳುವುದು?

ಚರ್ಚೆ 1980ರ ದಶಕದಷ್ಟು ಹಳೆಯದು. 148 ಕಿ.ಮೀ.ಗಳ ನಾಲ್ಕು ಮಾರ್ಗಗಳ, 15,767 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ, ಶಂಕುಸ್ಥಾಪನೆ 2022ರ ಜೂನ್‌ನಲ್ಲಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಮಾರ್ಗಗಳಿಗೆ ಹೂವಿನ ಹೆಸರುಗಳನ್ನು ಕೊಡಲಾಗಿದೆ. ಕೆಲಸ ಮೊದಲು ಕಂಡದ್ದು ಬೆನ್ನಿಗಾನಹಳ್ಳಿ–ಚಿಕ್ಕಬಾಣಾವರ ನಡುವಿನ ಮಲ್ಲಿಗೆಯಲ್ಲಿ. ರೈಲ್ವೆಯ ಜಮೀನು ರಾಜ್ಯದ ಕಂಪನಿಗೆ ಸಿಗಬೇಕು, ಹಣ ಎರಡು ಸರ್ಕಾರಗಳಿಂದ ಬರಬೇಕು, ವಿನ್ಯಾಸಕ್ಕೆ ರೈಲ್ವೆಯ ಒಪ್ಪಿಗೆ ಬೇಕು. ವಿಳಂಬ ಹುಟ್ಟುವುದು ಈ ಹೊಸ್ತಿಲುಗಳಲ್ಲಿ. ತುಮಕೂರು, ಬಂಗಾರಪೇಟೆ, ಹೊಸೂರು, ಮೈಸೂರು ದಿಕ್ಕಿನ ಈಗಿನ ಹಳಿಗಳಲ್ಲೇ ಬೆಳಿಗ್ಗೆ-ಸಂಜೆ ಹೆಚ್ಚು ಮೆಮು (ಕಡಿಮೆ ದೂರದ ವಿದ್ಯುತ್ ಚಾಲಿತ) ರೈಲುಗಳನ್ನು ಓಡಿಸುವುದು ಇದಕ್ಕಾಗಿ ಕಾಯಬೇಕಾದ ಕೆಲಸವಲ್ಲ.

ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆ ಬೇಕೆ, ಬೇಡವೆ?

ನನ್ನ ಅಭಿಪ್ರಾಯದಲ್ಲಿ ಬೇಡ. ಸುಮಾರು 17 ಕಿ.ಮೀ. ಉದ್ದಕ್ಕೆ 17,000 ಕೋಟಿ ರೂಪಾಯಿಗೂ ಹೆಚ್ಚಿನ ಅಂದಾಜಿರುವ ಈ ಟೋಲ್ ರಸ್ತೆ ಮುಖ್ಯವಾಗಿ ಕಾರುಗಳಿಗಾಗಿ ರೂಪುಗೊಂಡದ್ದು. 148 ಕಿ.ಮೀ. ಉಪನಗರ ರೈಲಿಗೆ ಮಂಜೂರಾದ ಮೊತ್ತ ಇದಕ್ಕಿಂತ ಕಡಿಮೆ. ಪರವಾಗಿರುವವರ ಒಂದು ವಾದದಲ್ಲಿ ಹುರುಳಿದೆ: ಮೇಲ್ಸೇತುವೆಗೆ ಮರ ಕಡಿಯಬೇಕು, ಸುರಂಗಕ್ಕೆ ಅಷ್ಟು ಬೇಡ. ಆದರೆ ಸುರಂಗದ ಬಾಯಿಗಳು ನೆಲದ ಮೇಲೆಯೇ ತೆರೆಯಬೇಕಲ್ಲ. ಲಾಲ್‌ಬಾಗ್ ವಿಷಯದಲ್ಲಿ ವಿರೋಧ ಎದ್ದದ್ದು ಅದಕ್ಕೇ. ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಯನ್ನು ನಾಗರಿಕರ ಪ್ರತಿಭಟನೆಯ ಬಳಿಕ ಸರ್ಕಾರ 2017ರಲ್ಲಿ ಕೈಬಿಟ್ಟಿತ್ತು. ಬೇಡಿಕೆಯ ಮೂಲ ಹಾಗೆಯೇ ಉಳಿದುದರಿಂದ ಅದೇ ದಾರಿಗೆ ಈಗ ನೆಲದಡಿಯ ಯೋಜನೆ ಬಂದಿದೆ.

## ನೆಲ, ನೀರು, ಯೋಜನೆ

ಮಳೆ ಬಂದರೆ ಮುಳುಗುವ ಬಡಾವಣೆಯೇ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವುದು ಹೇಗೆ?

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿರುವ ಬೆಂಗಳೂರಿನಲ್ಲಿ ದೊಡ್ಡ ನದಿಯಿಲ್ಲ. ಒಂದು ಕೆರೆಯ ಕೋಡಿ ಹರಿದು ಇನ್ನೊಂದು ಕೆರೆಗೆ ಸೇರುವ ರಾಜಕಾಲುವೆಗಳ ಸಾಲೇ ಇಲ್ಲಿನ ಜಲವ್ಯವಸ್ಥೆ. ಕಾಲುವೆಯ ಮೇಲೆ ಕಟ್ಟಿದರೆ ಮಳೆನೀರಿಗೆ ದಾರಿ ತಪ್ಪುತ್ತದೆ, ಕೆರೆಯಂಗಳವನ್ನು ಮುಚ್ಚಿದರೆ ಅಂತರ್ಜಲ ಇಳಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೆಚ್ಚು ಕಷ್ಟಪಟ್ಟದ್ದು ಅಂಥವೇ ಹೊರವಲಯಗಳು.

ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, 500 ಮೀಟರ್‌ಗೂ ಹೆಚ್ಚು ಮೇಲೆತ್ತಿ ಬರಬೇಕು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ ಚಾಲನೆ ಪಡೆದದ್ದು 2024ರ ಅಕ್ಟೋಬರ್ 16ರಂದು. ಊರಿಗೆ ಸೇರಿದ ಹದಿನೇಳು ವರ್ಷಗಳ ಬಳಿಕ ನೀರು. ಅಷ್ಟರಲ್ಲಿ ಆ ಹಳ್ಳಿಗಳ ಹೊಲಗಳಲ್ಲಿ ಹತ್ತು ಹದಿನೈದು ಅಂತಸ್ತಿನ ಕಟ್ಟಡಗಳು ಎದ್ದು, ಕೊಳವೆಬಾವಿಗಳು ಪಾತಾಳ ಮುಟ್ಟಿದ್ದವು.

ಬೆಂಗಳೂರಿಗೆ ಮಾಸ್ಟರ್ ಪ್ಲಾನ್ ಇದೆಯೇ?

ಇದೆ, ಹಳೆಯದು. 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆಯ ಗುರಿ ವರ್ಷ 2015. 2031ರ ಕರಡನ್ನು ಬಿಡಿಎ 2017ರಲ್ಲಿ ಪ್ರಕಟಿಸಿತು, 2020ರಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು. ಅವಧಿ ಮೀರಿದ ಹಳೆಯ ಯೋಜನೆಯ ಮೇಲೆ ಭೂಬಳಕೆ ಬದಲಾವಣೆ ಮತ್ತು ಬಿಡಿ ಬಿಡಿ ತಿದ್ದುಪಡಿಗಳ ಮೂಲಕವೇ ಊರು ನಡೆಯುತ್ತಿದೆ. ಸುರಂಗ ರಸ್ತೆಯಂಥ ದೊಡ್ಡ ಯೋಜನೆಗಳು ಮಹಾಯೋಜನೆಯಿಂದ ಹುಟ್ಟದೆ ಬಜೆಟ್ ಭಾಷಣದಿಂದ ಹುಟ್ಟುತ್ತಿರುವುದಕ್ಕೆ ಇದೂ ಒಂದು ಕಾರಣ.

ಸಂವಿಧಾನದ 243ಜೆಡ್‌ಇ ವಿಧಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ಮಹಾನಗರ ಪ್ರದೇಶಕ್ಕೆ ಯೋಜನಾ ಸಮಿತಿಯೊಂದು ಇರಬೇಕೆಂದೂ ಅದರ ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಸ್ಥಳೀಯ ಸಂಸ್ಥೆಗಳ ಚುನಾಯಿತರೇ ಆಗಿರಬೇಕೆಂದೂ ಹೇಳುತ್ತದೆ. ಚುನಾಯಿತರೇ ಇಲ್ಲದ ಪಾಲಿಕೆಯಿಂದ ಅಂಥ ಸಮಿತಿಗೆ ಯಾರನ್ನು ಕಳುಹಿಸುವುದು?

ನಮ್ಮ ಜಮೀನು ಪೆರಿಫೆರಲ್ ರಿಂಗ್ ರಸ್ತೆಗೆ ಗುರುತಾಗಿದೆ. ಮಾರಲೂ ಆಗದು, ಕಟ್ಟಲೂ ಆಗದು. ಎಷ್ಟು ದಿನ?

ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೆ ಮದ್ರಾಸ್ ರಸ್ತೆಗಳನ್ನು ದಾಟಿ ಹೊಸೂರು ರಸ್ತೆ ಸೇರುವ ಈ 73 ಕಿ.ಮೀ. ಯೋಜನೆಗೆ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2005ರಲ್ಲಿ. ಈಗ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೊಸ ಹೆಸರು. ಅಧಿಸೂಚನೆಯಲ್ಲಿ ಸಿಲುಕಿದ ಭೂಮಿಗೆ ಬ್ಯಾಂಕ್ ಸಾಲವಿಲ್ಲ, ಮನೆ ಕಟ್ಟಲು ಪರವಾನಗಿಯಿಲ್ಲ, ಮಗಳ ಮದುವೆಗೆಂದು ಮಾರಲು ಕೊಳ್ಳುವವರಿಲ್ಲ. ಪರಿಹಾರದ ದರ ಹೆಚ್ಚಿಸುವ ಮಾತು ಬಂದಾಗಲೆಲ್ಲ ಖಜಾನೆಯ ಹೊರೆ ಎನ್ನುತ್ತಾರೆ, ಎರಡು ದಶಕಗಳ ಕಾಯುವಿಕೆಯ ಹೊರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂತಿಷ್ಟು ವರ್ಷಗಳಲ್ಲಿ ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳದಿದ್ದರೆ ಅಧಿಸೂಚನೆ ತಾನಾಗಿಯೇ ರದ್ದಾಗಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು.

ರೈತರು ಜಮೀನು ಕೊಡದಿದ್ದರೆ ಊರು ಬೆಳೆಯುವುದು ಹೇಗೆ?

ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ ಕೈಗಾರಿಕೆಗೆಂದು 1,777 ಎಕರೆ ಸ್ವಾಧೀನಕ್ಕೆ ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿಯೂ ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿಯೂ ಘೋಷಿಸಿದರು. ಆ ಹೊಲಗಳು ಬೀಳುಬಿದ್ದವಲ್ಲ. ಅಲ್ಲಿಯ ತರಕಾರಿ, ಹೂವು, ದ್ರಾಕ್ಷಿ, ಹಾಲು ಬರುವುದು ಬೆಂಗಳೂರಿಗೇ. ಬಿಡದಿಯ ಟೌನ್‌ಶಿಪ್ ವಿಷಯದಲ್ಲೂ ಇದೇ ವಾಗ್ವಾದ ನಡೆದಿದೆ. ಹಿಂದೆ ಸ್ವಾಧೀನಪಡಿಸಿಕೊಂಡು ಖಾಲಿ ಬಿಟ್ಟಿರುವ ಕೈಗಾರಿಕಾ ಜಾಗ ಎಷ್ಟಿದೆ ಎಂಬ ಪಟ್ಟಿಯನ್ನು ಮೊದಲು ಪ್ರಕಟಿಸಿ, ಆಮೇಲೆ ಹೊಸ ಅಧಿಸೂಚನೆ ಹೊರಡಿಸುವುದು ನ್ಯಾಯ.

ಮೆಟ್ರೊ ಬಂದರೆ ಅಕ್ಕಪಕ್ಕದ ಜಾಗದ ಬೆಲೆ ಏರುತ್ತದಲ್ಲ, ಆ ಲಾಭ ಯಾರಿಗೆ?

ಸದ್ಯಕ್ಕೆ ಹೆಚ್ಚಿನ ಪಾಲು ಜಾಗದ ಒಡೆಯನಿಗೆ ಮತ್ತು ಮಾರ್ಗ ಘೋಷಣೆಯಾಗುವ ಮೊದಲೇ ಸುಳಿವು ಹಿಡಿದು ಕೊಂಡವನಿಗೆ. ಮೆಟ್ರೊ, ವರ್ತುಲ ರಸ್ತೆಗಳ ಹೆಸರಿನಲ್ಲಿ ಮಂಜೂರಾತಿಯ ವೇಳೆ ಸೆಸ್ ವಸೂಲಾಗುತ್ತದೆ, ನಿಜ. ಆದರೆ ಅದು ಏರಿದ ಬೆಲೆಯ ಸಣ್ಣ ಚೂರು. ನಿಲ್ದಾಣದ ಸುತ್ತ ಹೆಚ್ಚು ಎಫ್‌ಎಆರ್ (ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) ಕೊಟ್ಟು ಎತ್ತರಕ್ಕೆ ಕಟ್ಟಲು ಬಿಡುವ ನೀತಿ ತಾತ್ವಿಕವಾಗಿ ಸರಿ, ಏಕೆಂದರೆ ರೈಲಿನ ಪಕ್ಕ ಜನ ವಾಸಿಸಿದರೆ ರಸ್ತೆಯ ಭಾರ ಇಳಿಯುತ್ತದೆ. ಆದರೆ ಆ ಹೆಚ್ಚುವರಿ ಮಹಡಿಗಳು ಎರಡೆರಡು ಕಾರಿನ ಜಾಗವಿರುವ ಐಷಾರಾಮಿ ಫ್ಲ್ಯಾಟುಗಳಾದರೆ ಅಲ್ಲಿಯವರು ಮೆಟ್ರೊ ಹತ್ತುವುದಿಲ್ಲ, ಹತ್ತಬೇಕಾದವರು ಬಾಡಿಗೆ ಏರಿ ಆನೇಕಲ್‌ನ ಆಚೆಗೆ ಸರಿಯುತ್ತಾರೆ. ಹೆಚ್ಚುವರಿ ಎಫ್‌ಎಆರ್ ಪಡೆಯುವ ಪ್ರತಿ ಕಟ್ಟಡದಲ್ಲೂ ನಿಗದಿತ ಪಾಲು ಸಣ್ಣ ಬಾಡಿಗೆ ಮನೆಗಳಿರಬೇಕು, ಕಾರು ನಿಲುಗಡೆಗೆ ಗರಿಷ್ಠ ಮಿತಿ ಇರಬೇಕು ಎಂಬ ಎರಡು ಷರತ್ತುಗಳನ್ನು ಮಂಜೂರಾತಿಯ ಪತ್ರದಲ್ಲೇ ಬರೆಯಬಹುದು. ಹೊಸ ಕಟ್ಟಡಗಳಿಗೆ ಇದನ್ನು ಈಗಲೇ ಅನ್ವಯಿಸಬಹುದು. ಮೆಟ್ರೊದ ನೀಲಿ ಮಾರ್ಗದ ಉದ್ದಕ್ಕೂ, ಹೆಬ್ಬಾಳದಿಂದ ವಿಮಾನ ನಿಲ್ದಾಣದವರೆಗೆ, ನಕ್ಷೆಗಳು ಮಂಜೂರಾಗುತ್ತಿರುವುದು ಈ ವರ್ಷಗಳಲ್ಲೇ.